ತಂದೆಯ ತಲೆ ಕಡಿದ ನಾಡು ಮಗನನ್ನು ಕರೆತಂದದ್ದು ಹೇಗೆ?

ಪ್ರಶ್ನೆ: 1649ರಲ್ಲಿ ಒಂದನೇ ಚಾರ್ಲ್ಸ್ ದೊರೆಯ ತಲೆ ಕಡಿಸಿ ಗಣರಾಜ್ಯವಾದ ಇಂಗ್ಲೆಂಡ್, ಹನ್ನೊಂದೇ ವರ್ಷಗಳಲ್ಲಿ ಅವನ ಮಗನನ್ನು ಸಿಂಹಾಸನಕ್ಕೇರಿಸಿತು. ಇದಕ್ಕೆ ಮತ್ತೊಂದು ಯುದ್ಧ ನಡೆಯಬೇಕಾಯಿತೇ? ತಂದೆಗಿದ್ದ ಅಧಿಕಾರವೆಲ್ಲ ಮಗನಿಗೂ ದೊರೆಯಿತೇ?
– ಓದುಗರೊಬ್ಬರು, ಹಾಸನ

ಉತ್ತರ: ಯುದ್ಧ ನಡೆಯಲಿಲ್ಲ. ಎರಡನೇ ಚಾರ್ಲ್ಸ್‌ನನ್ನು ಕರೆತಂದದ್ದು ಅರಸೊತ್ತಿಗೆಯ ಮೇಲಿನ ಭಕ್ತಿಗಿಂತ ಹೆಚ್ಚಾಗಿ ಸೈನ್ಯದ ಆಳ್ವಿಕೆಯ ಬಗ್ಗೆ ಹುಟ್ಟಿದ್ದ ಬೇಸರ ಎಂಬುದು ನನ್ನ ಅಭಿಪ್ರಾಯ. 1658ರ ಸೆಪ್ಟೆಂಬರಿನಲ್ಲಿ, ಸೈನ್ಯದ ಬಲದಿಂದ ಗಣರಾಜ್ಯವನ್ನು ಆಳುತ್ತಿದ್ದ ಆಲಿವರ್ ಕ್ರಾಮ್‌ವೆಲ್ ತೀರಿಕೊಂಡ ಮೇಲೆ ಅಧಿಕಾರಕ್ಕೆ ಬಂದ ಮಗ ರಿಚರ್ಡ್‌ಗೆ, ಸಂಬಳ ಬಾಕಿ ಉಳಿದು ಕುದಿಯುತ್ತಿದ್ದ ಸೈನ್ಯವನ್ನು ಹದ್ದುಬಸ್ತಿನಲ್ಲಿಡಲಾಗದೆ ಮರುವರ್ಷವೇ ಕೆಳಗಿಳಿಯಬೇಕಾಯಿತು. ಆಗ ಸ್ಕಾಟ್ಲೆಂಡಿನಲ್ಲಿದ್ದ ಸೇನಾಪತಿ ಜಾರ್ಜ್ ಮಂಕ್ 1660ರ ಜನವರಿಯಲ್ಲಿ ತನ್ನ ಪಡೆಯೊಡನೆ ಲಂಡನ್ನಿನತ್ತ ಹೊರಟನು; 1648ರಲ್ಲಿ ಸೈನ್ಯವೇ ಹೊರದಬ್ಬಿದ್ದ ಸದಸ್ಯರನ್ನು ಪಾರ್ಲಿಮೆಂಟಿಗೆ ಮತ್ತೆ ಸೇರಿಸಿ, ಹೊಸ ಚುನಾವಣೆಗೆ ದಾರಿ ಮಾಡಿಕೊಟ್ಟನು.

ಇತ್ತ ದೇಶಭ್ರಷ್ಟನಾಗಿದ್ದ ಚಾರ್ಲ್ಸ್, ಏಪ್ರಿಲ್ 4ರಂದು ಡಚ್ಚರ ಬ್ರೆಡಾ ಪಟ್ಟಣದಿಂದ ಒಂದು ಘೋಷಣೆ ಹೊರಡಿಸಿದನು. ಅದರ ಜಾಣ್ಮೆಯನ್ನು ಗಮನಿಸಬೇಕು. ಕ್ಷಮಾದಾನ, ಧಾರ್ಮಿಕ ಸಹನೆ, ಸೈನಿಕರ ಬಾಕಿ ಸಂಬಳ, ತಂದೆಗೂ ಪಾರ್ಲಿಮೆಂಟಿಗೂ ನಡೆದ ಯುದ್ಧದ ಕಾಲದಲ್ಲಿ ಕೈಬದಲಾದ ಜಮೀನುಗಳ ಇತ್ಯರ್ಥ – ಇವೆಲ್ಲಕ್ಕೂ ಮಾತು ಕೊಟ್ಟ ದೊರೆ, ಯಾರನ್ನು ಕ್ಷಮಿಸಬಾರದು, ಯಾರ ಜಮೀನು ಯಾರಿಗೆ ಎಂಬ ತೊಡಕಿನ ತೀರ್ಮಾನಗಳನ್ನು ಮಾತ್ರ ಪಾರ್ಲಿಮೆಂಟಿನ ತಲೆಗೆ ಕಟ್ಟಿದನು. ಮುಂದೆ ಬಂದ ನಿಷ್ಠುರವೆಲ್ಲ ಅದರದ್ದೇ ಆಯಿತು. ದೊರೆಯ ಪಕ್ಷ ಹಿಡಿದದ್ದಕ್ಕೆ ದಂಡ ತೆರಲು ಜಮೀನು ಮಾರಿಕೊಂಡವರಿಗೆ ಅದು ಹಿಂದಿರುಗಲಿಲ್ಲ. 'ವೈರಿಗಳಿಗೆ ಕ್ಷಮೆ, ಗೆಳೆಯರಿಗೆ ಮರೆವು' ಎಂದು ಅವರು ಗೊಣಗಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಹೊಸ ಪಾರ್ಲಿಮೆಂಟಿನ ಕರೆಯಂತೆ ದೊರೆಯನ್ನು ಕರೆತರಲು ಹೋದ ಹಡಗಿನ ಹೆಸರು 'ನೇಸ್‌ಬಿ'. 1645ರಲ್ಲಿ ಅವನ ತಂದೆ ಸೋತು ಸುಣ್ಣವಾದ ರಣರಂಗದ ಹೆಸರದು! ಅದನ್ನು ಅವಸರದಲ್ಲಿ 'ರಾಯಲ್ ಚಾರ್ಲ್ಸ್' ಎಂದು ಬದಲಿಸಲಾಯಿತು. ತನ್ನ ಮೂವತ್ತನೆಯ ಹುಟ್ಟುಹಬ್ಬವಾದ ಮೇ 29ರಂದು ಅವನು ಲಂಡನ್ ಪ್ರವೇಶಿಸಿದನು. ಸರ್ಕಾರಿ ದಾಖಲೆಗಳು 1660ನ್ನು ಅವನ ಆಳ್ವಿಕೆಯ ಹನ್ನೆರಡನೆಯ ವರ್ಷವೆಂದೇ ಬರೆದವು. ನಡುವಿನ ಗಣರಾಜ್ಯ ಲೆಕ್ಕಕ್ಕೇ ಇಲ್ಲ. ಸೇಡೂ ತೀರಿತು: ಅಕ್ಟೋಬರಿನಲ್ಲಿ, ತಂದೆಯ ವಧೆಯಲ್ಲಿ ಪಾಲಿದ್ದ ಹತ್ತು ಮಂದಿಯನ್ನು ಕೊಲ್ಲಿಸಲಾಯಿತು, 1661ರ ಜನವರಿ 30ರಂದು ಕ್ರಾಮ್‌ವೆಲ್‌ನ ಹೆಣವನ್ನು ಗೋರಿಯಿಂದ ತೆಗೆದು ಗಲ್ಲಿಗೇರಿಸಲಾಯಿತು.

ಇನ್ನು ಅಧಿಕಾರದ ಮಾತು. ಮಂತ್ರಿಗಳ ನೇಮಕ, ಯುದ್ಧ, ಸಂಧಿ, ಸೈನ್ಯದ ಒಡೆತನ ದೊರೆಗೆ ಮರಳಿದವು. ಆದರೆ ದೊರೆಯ ವಿರೋಧಿಗಳನ್ನು ದಂಡಿಸಲು ಬಳಕೆಯಾಗುತ್ತಿದ್ದ, 1641ರಲ್ಲಿ ರದ್ದಾಗಿದ್ದ ಸ್ಟಾರ್ ಚೇಂಬರ್ ನ್ಯಾಯಾಲಯ ಮರಳಲಿಲ್ಲ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆ ಹೇರುವ ಹಳೆಯ ದಾರಿಗಳೂ ತೆರೆಯಲಿಲ್ಲ. ವರ್ಷಕ್ಕೆ 12 ಲಕ್ಷ ಪೌಂಡ್ ಆದಾಯವನ್ನು ಪಾರ್ಲಿಮೆಂಟೇ ಗೊತ್ತುಮಾಡಿತಾದರೂ ಮೊದಲ ವರ್ಷಗಳಲ್ಲಿ ಅಷ್ಟು ಹಣ ಕೂಡಲೇ ಇಲ್ಲ. ಹೀಗಾಗಿ ದೊರೆ ಪದೇ ಪದೇ ಅದರ ಮುಂದೆಯೇ ಕೈಯೊಡ್ಡಬೇಕಾಯಿತು. ಈ ಮಿತಿಯನ್ನು ಅರಿತು ನಡೆದ ಚಾರ್ಲ್ಸ್ 1685ರವರೆಗೆ ಆಳಿದನು. ಅರಿಯದ ಅವನ ತಮ್ಮ ಎರಡನೇ ಜೇಮ್ಸ್, 1688ರಲ್ಲಿ ಫ್ರಾನ್ಸಿಗೆ ಓಡಿಹೋದನು.