ಚರ್ಮದ ಸೋಫಾದ ವಾಸನೆ ಮತ್ತೆ ಮತ್ತೆ ಮರಳುವುದೇಕೆ?

ಯಾರೋ ಬಳಸಿದ್ದ ಚರ್ಮದ ಸೋಫಾ ಕೊಂಡಿದ್ದೀರಿ, ಅದರಿಂದ ಸಿಗರೇಟಿನ ಘಾಟೂ ಮುಗ್ಗಲು ವಾಸನೆಯೂ ಬರುತ್ತಿದೆ, ಎರಡು ಸಲ ಅಡುಗೆ ಸೋಡಾ ಉದುರಿಸಿ ಸುಗಂಧದ ಸ್ಪ್ರೇ ಹೊಡೆದರೂ ಮೂರನೆಯ ದಿನಕ್ಕೆ ಮತ್ತೆ ಅದೇ ಪಾಡು ಎಂದು ಬರೆದಿದ್ದೀರಿ. ನಾನೂ ಇದೇ ತೊಂದರೆಯನ್ನು ಒಂದು ಒರಗು ಕುರ್ಚಿಯೊಂದಿಗೆ ಹಲವು ತಿಂಗಳು ಅನುಭವಿಸಿದ್ದೇನೆ. ಮೇಲಿನ ಚರ್ಮವನ್ನು ಎಷ್ಟು ಸಲ ಒರೆಸಿದೆನೋ ಲೆಕ್ಕವಿಲ್ಲ. ಕೊನೆಗೊಂದು ದಿನ ದಿಂಬಿನ ಹಿಂದಿನ ಜಿಪ್ ತೆಗೆದು ಮೂಗನ್ನು ಒಳಗಿಟ್ಟಾಗ, ನಾನು ಇಷ್ಟು ದಿನ ತಪ್ಪು ಜಾಗವನ್ನು ತೊಳೆಯುತ್ತಿದ್ದೆ ಎಂಬುದು ತಿಳಿಯಿತು. ಒಳಗಿನ ಸ್ಪಂಜು ಚಹಾದ ಬಣ್ಣಕ್ಕೆ ತಿರುಗಿತ್ತು, ಮತ್ತು ವಾಸನೆ ಹೊರಗಿಗಿಂತ ಹಲವು ಪಟ್ಟು ತೀವ್ರವಾಗಿತ್ತು.

ಆದ್ದರಿಂದ ನೀವು ಮೊದಲು ಮಾಡಬೇಕಾದದ್ದು ವಾಸನೆಯ ಮೂಲ ಎಲ್ಲಿದೆ ಎಂದು ಪತ್ತೆ ಹಚ್ಚುವುದು. ಹೊಲಿಗೆಯ ಅಂಚಿಗೆ ಮೂಗು ಹಿಡಿದು, ಪಕ್ಕದಲ್ಲಿ ಅಂಗೈಯಿಂದ ದಿಂಬನ್ನು ಜೋರಾಗಿ ಒತ್ತಿ. ಕೂತಾಗ ಸ್ಪಂಜಿನೊಳಗಿನ ಗಾಳಿ ಹೊಲಿಗೆಯ ತೂತುಗಳಿಂದಲೇ ಹೊರನುಗ್ಗುತ್ತದೆ. ಆ ಗಾಳಿಯಲ್ಲಿ ವಾಸನೆ ಹೆಚ್ಚಿದ್ದರೆ ಚರ್ಮವನ್ನು ಎಷ್ಟು ಉಜ್ಜಿದರೂ ಫಲವಿಲ್ಲ. ಸೋಫಾವನ್ನು ಮಗುಚಿ, ತಳಕ್ಕೆ ಪಿನ್ನು ಹೊಡೆದು ಬಿಗಿದಿರುವ ತೆಳು ಬಟ್ಟೆಯನ್ನೂ ಮೂಸಿ ನೋಡಿ. ಧೂಳು, ತೇವ, ಬೂಷ್ಟು ಎಲ್ಲವೂ ಸೇರಿಕೊಳ್ಳುವ ಜಾಗ ಅದು, ಮತ್ತು ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ಸ್ಪಂಜಿನಲ್ಲಿ ಹೊಗೆ ಇಳಿದಿದ್ದರೆ ಅದನ್ನು ತೊಳೆದು ಉಳಿಸಿಕೊಳ್ಳಲು ಹೋಗಬೇಡಿ. ದಪ್ಪ ಸ್ಪಂಜು ಒಳಗಿನಿಂದ ಒಣಗಲು ಬಹಳ ಕಾಲ ಹಿಡಿಯುತ್ತದೆ, ಅಷ್ಟರಲ್ಲಿ ಹೊಸದಾಗಿ ಬೂಷ್ಟು ಹಿಡಿಯುತ್ತದೆ. ಅದೇ ಅಳತೆಯ, ಅದೇ ಗಡಸಿನ ಹೊಸ ಸ್ಪಂಜು ಕತ್ತರಿಸಿ ಹಾಕಿಸುವುದೇ ಸರಿಯಾದ ದಾರಿ ಎಂದು ನನಗೆ ಖಚಿತವಾಗಿದೆ.

ಇನ್ನು ಚರ್ಮದ ವಿಷಯ. ಕಣ್ಣಿಗೆ ಕಾಣದ ಒಂದು ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮುತ್ತಿನಂತೆ ನಿಂತರೆ ಚರ್ಮದ ಮೇಲೆ ಬಣ್ಣದ ರಕ್ಷಾಪದರವಿದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ತಾಳಿಕೊಳ್ಳುತ್ತದೆ. ಹನಿ ಕೂಡಲೇ ಇಂಗಿ ಕಪ್ಪು ಗುರುತು ಮೂಡಿದರೆ ಅದು ಪದರವಿಲ್ಲದ ಚರ್ಮ. ಅಂಥದ್ದಕ್ಕೂ, ಮಖಮಲ್ಲಿನಂತೆ ನವಿರು ಎಳೆಗಳಿರುವ ಚರ್ಮಕ್ಕೂ ಯಾವ ದ್ರವವನ್ನೂ ತಾಗಿಸದೆ ಒಣ ವಿಧಾನಗಳನ್ನಷ್ಟೇ ಬಳಸಿ.

ಹದ ಮಾಡಿದ ಚರ್ಮ ಸ್ವಭಾವತಃ ತುಸು ಆಮ್ಲೀಯ, ಅಡುಗೆ ಸೋಡಾ ಕ್ಷಾರೀಯ. ಸೋಡಾವನ್ನು ಒಣಗಿದ್ದಂತೆಯೇ ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಮೃದು ಬ್ರಷ್ ಜೋಡಿಸಿದ ವ್ಯಾಕ್ಯೂಮ್‌ನಿಂದ ಎಳೆದುಬಿಟ್ಟರೆ ತೊಂದರೆಯಿಲ್ಲ. ನೀರಿನಲ್ಲಿ ಕಲಸಿ ಹಚ್ಚಿದರೆ ಚರ್ಮ ಬಿರುಸಾಗಿ, ಕಾಲಕ್ರಮೇಣ ಸೀಳು ಬಿಡುತ್ತದೆ. ಆದರೆ ಸಿಗರೇಟಿನ ಹೊಗೆ ಬಿಟ್ಟುಹೋಗುವುದು ಅಂಟಂಟಾದ ಟಾರ್ ಪದರವನ್ನು, ಅದು ಒಣ ಪುಡಿಗೆ ಬಿಡುವಂಥದ್ದಲ್ಲ. ಅದಕ್ಕೆ ನಾನು ಬಿಳಿ ವಿನೆಗರ್ ಮತ್ತು ಬಟ್ಟಿ ಇಳಿಸಿದ ನೀರನ್ನು ಸಮಸಮವಾಗಿ ಬೆರೆಸಿ, ಮೆತ್ತನೆಯ ಬಿಳಿ ಬಟ್ಟೆಯನ್ನು ಅದ್ದಿ, ಹನಿ ತೊಟ್ಟಿಕ್ಕದಂತೆ ಬಿಗಿಯಾಗಿ ಹಿಂಡಿ, ಒಂದೊಂದು ಸಲಕ್ಕೆ ಅಂಗೈ ಅಗಲದಷ್ಟೇ ಜಾಗವನ್ನು ಒರೆಸುತ್ತಾ ಹೋದೆ. ಬಟ್ಟೆ ಬಿಳಿಯದೇ ಇರಲಿ, ಏಕೆಂದರೆ ಏನು ಬಿಡುತ್ತಿದೆ ಎಂಬುದು ಅದರಲ್ಲೇ ಕಾಣಬೇಕು. ನನ್ನ ಕುರ್ಚಿಯ ತಲೆಯೊರಗಿನ ಭಾಗದಲ್ಲಿ ಮೊದಲ ಬಟ್ಟೆ ಕಂದುಹಳದಿಯಾಯಿತು, ನಾಲ್ಕನೆಯದು ಬಿಳಿಯಾಗಿಯೇ ಉಳಿಯಿತು. ಒಂದು ವೇಳೆ ಕಾಣುತ್ತಿರುವುದು ಸೋಫಾದ ಬಣ್ಣವೇ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ. ಒರೆಸಿದ ಮೇಲೆ ಬರೀ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಇನ್ನೊಮ್ಮೆ, ಆಮೇಲೆ ಒಣ ಬಟ್ಟೆಯಿಂದ ಒರೆಸಿ. ವಿನೆಗರಿನ ಹುಳಿ ವಾಸನೆ ಒಣಗಿದಂತೆ ತಾನಾಗಿಯೇ ಹೋಗುತ್ತದೆ.

ಮುಗ್ಗಲು ವಾಸನೆಯ ಜೊತೆ ಬಿಳಿ ಅಥವಾ ಹಸಿರು ಬೂಷ್ಟು ಕಣ್ಣಿಗೆ ಕಂಡರೆ, ಸೋಫಾವನ್ನು ಹೊರಗೆ ನೆರಳಿಗೆ ಸಾಗಿಸಿ, ಮುಖಗವಸು ಹಾಕಿಕೊಂಡು ಮೃದು ಬ್ರಷ್‌ನಿಂದ ಕೆಡವಿ. ಒಳಗೆ ಮಾಡಿದರೆ ಬೂಷ್ಟಿನ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಬಿಸಿಲಿಗಿಟ್ಟರೆ ವಾಸನೆ ಹೋಗುತ್ತದೆಂಬ ಮಾತು ಅರ್ಧ ನಿಜ. ನೇರ ಬಿಸಿಲಿಗೆ ಚರ್ಮದ ಬಣ್ಣ ಮಾಸಿ, ಎಣ್ಣೆಯಂಶ ಆರಿಹೋಗುತ್ತದೆ. ಕೋಣೆಯ ಗಾಳಿಯಲ್ಲಿ ತೇವಾಂಶ ಶೇಕಡಾ 60ಕ್ಕಿಂತ ಕೆಳಗೆ ಇರದಿದ್ದರೆ ಬೂಷ್ಟು ಮತ್ತೆ ಬರುವುದು ಸಹಜ, ಹಾಗಾಗಿ ಸೋಫಾವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ ಹಿಂದೆ ಗಾಳಿಯಾಡಲು ಬಿಡಿ.

ಬೆಕ್ಕೋ ನಾಯಿಯೋ ಉಚ್ಚೆ ಹೊಯ್ದ ವಾಸನೆಯೂ ಸೇರಿದ್ದರೆ ವಿನೆಗರ್ ಸಾಲದು. ಮೂತ್ರದ ಯೂರಿಕ್ ಆಮ್ಲ ಹರಳುಗಟ್ಟಿ ಕೂತಿರುತ್ತದೆ, ತೇವ ತಾಗಿದಾಗಲೆಲ್ಲ ನಾರುತ್ತದೆ. ಚರ್ಮಕ್ಕೆ ಸೂಕ್ತವೆಂದು ನಮೂದಿಸಿರುವ ಕಿಣ್ವಯುಕ್ತ (ಎನ್‌ಜೈಮ್ ಇರುವ) ದ್ರಾವಣವೇ ಬೇಕು. ಅಮೋನಿಯಾ, ಬ್ಲೀಚ್ ಎರಡನ್ನೂ ಹತ್ತಿರ ತರಬೇಡಿ. ಸುಗಂಧದ ಸ್ಪ್ರೇಯನ್ನೂ ಇಂದೇ ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ. ಅದು ವಾಸನೆಯನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ, ಮೇಲಾಗಿ ಅದರ ಜಿಡ್ಡು ಹೊಸ ಧೂಳನ್ನು ಹಿಡಿದಿಡುತ್ತದೆ.

ಇಷ್ಟಾದ ಮೇಲೂ ಉಳಿಯುವ ಸಣ್ಣ ವಾಸನೆಗೆ, ಸಕ್ರಿಯ ಇದ್ದಿಲನ್ನು ಬಟ್ಟೆಯ ಚೀಲಗಳಲ್ಲಿ ತುಂಬಿ ದಿಂಬುಗಳ ಸಂದಿಯಲ್ಲಿಟ್ಟು, ಇಡೀ ಸೋಫಾವನ್ನು ದಪ್ಪ ಬಟ್ಟೆಯಿಂದ ಮುಚ್ಚಿ ಒಂದು ವಾರ ಬಿಡಿ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ಬೆವರಿದಂತೆ ತೇವ ಕಟ್ಟುತ್ತದೆ. ಚರ್ಮಕ್ಕೆ ಹಚ್ಚುವ ಕಂಡೀಷನರ್ ಎಲ್ಲಕ್ಕಿಂತ ಕೊನೆಗಿರಲಿ, ಮೊದಲೇ ಹಚ್ಚಿದರೆ ವಾಸನೆ ಅದರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಡುಗೆ ಎಣ್ಣೆಯನ್ನಂತೂ ಬದಲಿಗೆ ಬಳಸಬೇಡಿ, ಕೆಲವು ವಾರಗಳಲ್ಲಿ ಅದೇ ಕಮಟು ನಾರುತ್ತದೆ. ಫಲಿತಾಂಶವನ್ನು ಕೆಲಸ ಮಾಡಿದ ದಿನವೇ ಅಳೆಯಲು ಹೋಗಬೇಡಿ, ಮೂಗು ಆಗಲೇ ವಾಸನೆಗೆ ಒಗ್ಗಿಹೋಗಿರುತ್ತದೆ. ಕಿಟಕಿಗಳನ್ನೆಲ್ಲ ಮುಚ್ಚಿ ರಾತ್ರಿ ಕಳೆಯಲಿ, ಬೆಳಿಗ್ಗೆ ಹೊರಗೆ ಸ್ವಲ್ಪ ಅಡ್ಡಾಡಿ ಬಂದು ಕೋಣೆಯ ಬಾಗಿಲು ತೆಗೆಯಿರಿ, ಆ ಮೊದಲ ಉಸಿರಿನಲ್ಲಿ ಬರುವುದನ್ನು ನಂಬಿ.