ಸಾವಿರ ರೂಪಾಯಿಯೊಳಗೆ ಮೊದಲ ಹುಲ್ಲಿನ ಹ್ಯಾಟ್: ಕಾರವಾರದ ಬಿಸಿಲಿಗೆ ಯಾವುದು ಸರಿ?

ಕಾರವಾರದಲ್ಲಿ ಮನೆ, ಸಂಜೆ ಬೀಚಿನಲ್ಲಿ ನಡಿಗೆ, ರಜೆಯಲ್ಲಿ ಶಿರಸಿಯ ತೋಟ; ಸಾವಿರ ರೂಪಾಯಿ ದಾಟದ ಹಾಗೆ ಒಂದು ಹುಲ್ಲಿನ ಹ್ಯಾಟ್ ಬೇಕು, ಇಲ್ಲವಾದರೆ ಅಡಿಕೆ ಹಾಳೆಯ ಟೊಪ್ಪಿಯೇ ಸಾಕೇ ಎಂದು ಕೇಳಿದ್ದೀರಿ. ನನ್ನ ಆಯ್ಕೆ ಇದು: ಸುತ್ತಲೂ 7.5 ಸೆಂ.ಮೀ.ಗೆ ಕಡಿಮೆಯಿಲ್ಲದ ಅಂಚು, ಒತ್ತಾದ ಹೆಣಿಗೆ, ಒಳಗೆ ಹತ್ತಿ ಬಟ್ಟೆಯ ಪಟ್ಟಿ, ಗದ್ದಕ್ಕೆ ದಾರ, ಗುಂಡಗಿನ ನೆತ್ತಿ. ಯಾವ ಹುಲ್ಲು, ಯಾವ ಕಂಪನಿ ಎಂಬುದೆಲ್ಲ ಆಮೇಲಿನ ಮಾತು. ಎಲ್ಲಕ್ಕಿಂತ ಮೊದಲು ತಲೆಯ ಅಳತೆ.

ದರ್ಜಿಯ ಟೇಪನ್ನು ಹಣೆಯ ನಡುವಿನಿಂದ ಹಿಡಿದು, ಕಿವಿಯ ಮೇಲೆ ಒಂದು ಬೆರಳು ಜಾಗ ಬಿಟ್ಟು, ಹಿಂದೆ ತಲೆ ಹೆಚ್ಚು ಉಬ್ಬಿರುವ ಕಡೆ ಸುತ್ತಿ. ಬಿಗಿಯಬೇಡಿ. ಟೇಪ್ ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲಿನಲ್ಲಿ ಅಳೆದರೂ ಆಯಿತು. ಸಾಮಾನ್ಯವಾಗಿ 55–56 ಸೆಂ.ಮೀ. ಸ್ಮಾಲ್, 57–58 ಮೀಡಿಯಂ, 59–60 ಲಾರ್ಜ್. ‘ಫ್ರೀ ಸೈಜ್’ ಎಂದು ಮಾರುವವು ಹೆಚ್ಚಾಗಿ 57–58ರ ಸುತ್ತಮುತ್ತ ಇರುತ್ತವೆ. ಒಳಗಿನ ಲಾಡಿ ಎಳೆದು ಅದನ್ನು ಚಿಕ್ಕದು ಮಾಡಬಹುದು, ದೊಡ್ಡದು ಮಾಡಲಾಗದು. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ ದೊಡ್ಡದನ್ನೇ ತಗೊಳ್ಳಿ. ಒಳಪಟ್ಟಿಯ ಹಿಂದೆ ಹಣೆ ಮತ್ತು ಹಿಂತಲೆಯ ಕಡೆ ಮಡಚಿದ ಬಟ್ಟೆಯನ್ನೋ ತೆಳು ಫೋಮನ್ನೋ ಇಟ್ಟರೆ ಸರಿಹೋಗುತ್ತದೆ. ಚಿಕ್ಕದು ಮಾತ್ರ ಹಿಗ್ಗುವುದಿಲ್ಲ. ಬೆವರಿಗೆ ನೆನೆದು ಒಣಗುತ್ತ ಒಳಪಟ್ಟಿ ಇನ್ನಷ್ಟು ಬಿಗಿಯಾಗುವುದೇ ಹೆಚ್ಚು. ಅಂಗಡಿಯಲ್ಲಿ ಐದು ನಿಮಿಷ ಹಾಕಿಕೊಂಡೇ ಇರಿ. ತೆಗೆದಾಗ ಹಣೆಯಲ್ಲಿ ಕೆಂಪು ಗೆರೆ ಕಂಡರೆ ಬಿಟ್ಟುಬಿಡಿ. ತುರುಬು ಕಟ್ಟುವವರು, ಅಬ್ಬೋಲಿ ದಂಡೆ ಮುಡಿಯುವವರು ಕೂದಲು ಕಟ್ಟಿಕೊಂಡೇ ಅಳೆಯಬೇಕು.

ಅಂಚಿನ ವಿಷಯಕ್ಕೆ ಬರೋಣ. ಕಾರವಾರದಲ್ಲಿ ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಸಣ್ಣ ಅಂಚೂ ಮುಖಕ್ಕೆ ನೆರಳು ಕೊಡುತ್ತದೆ. ತೊಂದರೆ ಶುರುವಾಗುವುದು ಮೂರೂವರೆಯ ಮೇಲೆ. ಆ ಹೊತ್ತಿಗೆ ಸೂರ್ಯ 45 ಡಿಗ್ರಿ ಕೋನಕ್ಕೆ ಇಳಿದಿರುತ್ತಾನೆ, ಅಂಚು ಎಷ್ಟು ಅಗಲವೋ ನೆರಳೂ ಅಷ್ಟೇ ಕೆಳಗೆ ಬೀಳುತ್ತದೆ. 5 ಸೆಂ.ಮೀ. ಅಂಚಿನ ನೆರಳು ಕಣ್ಣಿನ ಹತ್ತಿರವೇ ಮುಗಿದು ಮೂಗು, ಕೆನ್ನೆ ಬಿಸಿಲಿಗೆ ಬೀಳುತ್ತವೆ. ನಮ್ಮ ಸಮುದ್ರವೋ ಪಶ್ಚಿಮಕ್ಕಿದೆ, ಸಂಜೆ ನಡೆಯುವಾಗ ಬಿಸಿಲು ಬರುವುದು ಆ ಕಡೆಯಿಂದಲೇ. ಹಾಗಾಗಿ 7.5ರಿಂದ 9 ಸೆಂ.ಮೀ. ನೋಡಿ. ಅದಕ್ಕಿಂತ ತುಂಬ ಅಗಲವಾದರೆ ಕಡಲಗಾಳಿಗೆ ಅಂಚು ಮಗುಚಿ ಮುಖದ ಮೇಲೆ ಬಡಿಯುತ್ತದೆ, ಹಿಂದೆ ಚೀಲದ ಪಟ್ಟಿಗೂ ತಾಗುತ್ತದೆ. ಅಂಚಿನ ಅಡಿಭಾಗ ಗಾಢ ಬಣ್ಣದ್ದಾಗಿದ್ದರೆ ಮರಳಿನಿಂದ ಕಣ್ಣಿಗೆ ಹೊಡೆಯುವ ಝಳ ಕಡಿಮೆ. ಆದರೂ ಒಣ ಮರಳು ಸುಮಾರು ಶೇ 15ರಷ್ಟು, ಅಲೆಯ ನೊರೆ ಸುಮಾರು ಶೇ 25ರಷ್ಟು ಅತಿನೇರಳೆ ಕಿರಣವನ್ನು ಕೆಳಗಿನಿಂದ ವಾಪಸ್ ಎಸೆಯುತ್ತವೆ. ಅದನ್ನು ಯಾವ ಹ್ಯಾಟೂ ತಡೆಯದು. ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುವುದು ತಪ್ಪುವುದಿಲ್ಲ.

ಹೆಣಿಗೆ ನೋಡಲು ಹ್ಯಾಟನ್ನು ಟ್ಯೂಬ್‌ಲೈಟಿಗೆ ಹಿಡಿಯಿರಿ. ನೆತ್ತಿಯ ಬದಿಯಲ್ಲಿ ಗಾಳಿಗೆಂದು ಬಿಟ್ಟ ನಾಲ್ಕಾರು ತೂತು ಇರಲಿ. ಅಂಚಿನ ತುಂಬ ಬೆಳಕಿನ ಚುಕ್ಕೆ ಕಂಡರೆ ಅಷ್ಟೂ ಬಿಸಿಲು ಮುಖಕ್ಕೇ.

ಸಾಮಗ್ರಿಯ ವಿಷಯದಲ್ಲಿ ಮೋಸ ಹೋಗುವವರು ಬಹಳ. ‘ಪನಾಮಾ’ ಎಂದು ಚೀಟಿ ಅಂಟಿಸಿದ್ದು ನಿಮ್ಮ ಬಜೆಟ್ಟಿನಲ್ಲಿ ಸಿಕ್ಕರೆ ಅದು ಆಕಾರಕ್ಕೆ ಕೊಟ್ಟ ಹೆಸರಷ್ಟೇ. ಅಸಲಿಯನ್ನು ಇಕ್ವೆಡಾರ್‌ನಲ್ಲಿ ಟೊಕಿಯಾ ಗಿಡದ ಎಳೆಗರಿ ಸೀಳಿ ಕೈಯಲ್ಲೇ ನೇಯುತ್ತಾರೆ. ಆ ನೇಯ್ಗೆಯನ್ನು ಯುನೆಸ್ಕೊ 2012ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆ ಕೆಲಸಕ್ಕೆ ಸಾವಿರ ರೂಪಾಯಿ ಎಲ್ಲಿಗೂ ಸಾಲದು. ‘ಟೊಯೊ’, ‘ಶಾಂಟಂಗ್’ ಎಂದಿದ್ದರೆ ಅದು ಹೊಸೆದ ಕಾಗದ. ‘ರಾಫಿಯಾ’ ಎಂದಿದ್ದರೂ ಅಗ್ಗದ್ದರಲ್ಲಿ ಅನೇಕವು ಕಾಗದದವೇ. ಅಸಲಿ ರಾಫಿಯಾ ಮಡಗಾಸ್ಕರ್ ಕಡೆಯ ತಾಳೆಜಾತಿಯ ಮರದ ಗರಿಯ ನಾರು: ಮೆತ್ತಗೆ, ಬಾಗಿದರೂ ಸೀಳದು, ಎಳೆಯಿಂದ ಎಳೆಗೆ ಬಣ್ಣ ಕೊಂಚ ಬೇರೆ.

ಗುರುತಿಸುವುದು ಹೀಗೆ. ಒಳಪಟ್ಟಿಯ ಅಡಿಯಲ್ಲಿ ಒಂದು ತುದಿ ಹೊರಬಂದಿರುತ್ತದೆ. ಅಂಗಡಿಯವರನ್ನು ಕೇಳಿ, ಒದ್ದೆ ಬೆರಳಿನಿಂದ ಅದನ್ನು ಉಜ್ಜಿ. ಹುರಿ ಬಿಚ್ಚಿಕೊಂಡು ಚಪ್ಪಟೆ ಪಟ್ಟಿಯಾಗಿ ಮೆತ್ತಗಾದರೆ ಕಾಗದ. ನೀರು ಹೀರದೆ ಹೊಳೆಯುತ್ತಿದ್ದರೆ ಪ್ಲಾಸ್ಟಿಕ್. ನಾರಾಗಿಯೇ ಉಳಿದರೆ ಗರಿಯದೋ ಹುಲ್ಲಿನದೋ. ಕಾಗದದ್ದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಗುರ, ಹೆಣಿಗೆ ಒತ್ತು, ಬೆಲೆ ಕಡಿಮೆ; ನವೆಂಬರಿನಿಂದ ಮೇವರೆಗೆ ಒಳ್ಳೆಯ ಸೇವೆ ಕೊಡುತ್ತದೆ. ಅಲೆಗೆ ಸಿಕ್ಕರೆ ಮಾತ್ರ ಆಕಾರ ಕಳೆದುಕೊಳ್ಳುತ್ತದೆ. ನೀರಿಗಿಳಿಯುವವರು ನೀವಾಗಿದ್ದರೆ ರಾಫಿಯಾಕ್ಕೋ ತಾಳೆಗರಿಗೋ ಇನ್ನಷ್ಟು ಹಣ ಹಾಕಿ. ಪ್ಲಾಸ್ಟಿಕ್ ನೆನೆದರೂ ಕೆಡದು, ಆದರೆ ಬೆವರು ಹೀರದೆ ತಲೆ ಬೇಯುತ್ತದೆ. ನಾನದನ್ನು ಕೊಳ್ಳಿ ಎನ್ನಲಾರೆ.

ಹೊಲಿಗೆ ಬಹಳ ಮುಖ್ಯ. ಅಗ್ಗದ ಹ್ಯಾಟುಗಳಲ್ಲಿ ಜಡೆಯಂತೆ ಹೆಣೆದ ಪಟ್ಟಿಯನ್ನು ನೆತ್ತಿಯ ನಡುವಿನಿಂದ ಸುರುಳಿ ಸುತ್ತಿ ಅಂಚಿನವರೆಗೆ ಹೊಲಿದಿರುತ್ತಾರೆ. ಕೆಲವದರಲ್ಲಿ ಅದು ಅಕ್ಕಿಮೂಟೆಯ ಬಾಯಿಗೆ ಹಾಕುವಂಥ ಸರಪಳಿ ಹೊಲಿಗೆ, ಒಂದು ತುದಿ ಸಿಕ್ಕರೆ ಸರ್ರನೆ ಬಿಚ್ಚಿಬರುತ್ತದೆ. ಅಂಚಿನಲ್ಲಿ ಪಟ್ಟಿ ಮುಗಿಯುವ ಜಾಗ ಹುಡುಕಿ ಮೆಲ್ಲಗೆ ಎಳೆದು ನೋಡಿ. ದಾರ ಸಡಿಲವಿದ್ದರೆ ಮನೆಗೆ ಬಂದ ದಿನವೇ ಅಲ್ಲಿ ನಾಲ್ಕು ಹೊಲಿಗೆ ಹಾಕಿ ಗಂಟು ಕಟ್ಟಿ.

ಅಂಚಿನ ಒಳಗೆ ತಂತಿ ಇದೆಯೇ ಎಂದೂ ಒತ್ತಿ ನೋಡಿ. ಕಬ್ಬಿಣದ ತಂತಿಯಾದರೆ ಉಪ್ಪುಗಾಳಿಗೆ ತುಕ್ಕು ಹಿಡಿದು ಹುಲ್ಲಿನ ಮೇಲೆ ಕೆಂಚು ಕಲೆ ಬೀಳುತ್ತದೆ, ಅದು ಹೋಗುವುದಿಲ್ಲ. ಫ್ರಿಜ್ಜಿನ ಮೇಲೆ ಅಂಟಿಸುವ ಆಯಸ್ಕಾಂತವೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ; ಅಂಚಿಗೆ ಅಂಟಿದರೆ ಬೇಡ. ರಿಬ್ಬನ್ನನ್ನೂ ಒಳಪಟ್ಟಿಯನ್ನೂ ಹೊಲಿದಿರಬೇಕು, ಗಮ್ಮಿನಿಂದ ಅಂಟಿಸಿದ್ದು ಬೆವರಿಗೆ ಬಿಡುತ್ತದೆ.

ಮುಂದೆ ಚಿವುಟಿದಂಥ ಫೆಡೋರಾ ಆಕಾರ ಚೆಂದವೇ. ಆದರೆ ಎಲ್ಲರೂ ಹ್ಯಾಟ್ ಎತ್ತುವುದು ಆ ಚಿವುಟನ್ನು ಹಿಡಿದೇ, ಹುಲ್ಲು ಮೊದಲು ಸೀಳುವುದೂ ಅಲ್ಲೇ. ಗುಂಡು ನೆತ್ತಿಗೆ ಆ ಕಾಟವಿಲ್ಲ. ಯಾವುದೇ ಇರಲಿ, ಎರಡೂ ಕೈಯಲ್ಲಿ ಅಂಚು ಹಿಡಿದು ಎತ್ತುವುದನ್ನು ರೂಢಿ ಮಾಡಿಕೊಳ್ಳಿ. ಗೋಕರ್ಣ, ಮುರುಡೇಶ್ವರದ ಬೀಚಿನ ಅಂಗಡಿಗಳಲ್ಲಿ ಹೊರಗೆ ನೇತುಹಾಕಿದ್ದನ್ನು ಬಿಟ್ಟು ಒಳಗಿನ ಸ್ಟಾಕ್ ಕೇಳಿ. ಬಿಸಿಲಿಗೆ ಒಣಗಿ ಗರಿಗರಿಯಾದ ಹುಲ್ಲು ಅಂಚು ಸ್ವಲ್ಪ ಬಾಗಿಸಿದರೂ ಚಟಚಟ ಎನ್ನುತ್ತದೆ.

ಗದ್ದದ ದಾರವಿಲ್ಲದ ಹ್ಯಾಟ್ ಇಷ್ಟವಾದರೆ ನೀವೇ ಹಾಕಬಹುದು. ಎರಡೂ ಕಿವಿಯ ನೇರಕ್ಕೆ ಒಳಪಟ್ಟಿಯ ಬಟ್ಟೆಗೆ ಮಾತ್ರ ದಬ್ಬಣದಿಂದ ತೂತು ಮಾಡಿ, ಸುಮಾರು 80 ಸೆಂ.ಮೀ. ಹತ್ತಿ ದಾರದ ಎರಡು ತುದಿಗಳನ್ನು ಪೋಣಿಸಿ ಒಳಗಡೆ ಗಂಟು ಹಾಕಿ, ಗದ್ದದ ಕೆಳಗೆ ಬಿಗಿಯಲು ಒಂದು ಮರದ ಮಣಿ ಇಡಿ. ಹುಲ್ಲಿಗೇ ತೂತು ಹೊಡೆದರೆ ಗಾಳಿ ಎಳೆದಾಗ ಹೆಣಿಗೆ ಅಲ್ಲಿಂದಲೇ ಹರಿಯುತ್ತದೆ.

ಹಾಳೆ ಟೊಪ್ಪಿಯ ಪ್ರಶ್ನೆಗೆ: ತೋಟದೊಳಗೆ ಅದೇ ಮೇಲು. ಅಡಿಕೆ ಮರದ ನೆರಳಿರುತ್ತದೆ, ತಲೆಯ ಮೇಲೆ ಹೊರೆ ಹೊರಬಹುದು, ಮಳೆಹನಿಗೂ ಹೆದರದು. ಅಂಚಿಲ್ಲದ್ದರಿಂದ ಬಯಲಿನಲ್ಲಿ ಕಿವಿ, ಕುತ್ತಿಗೆಗೆ ರಕ್ಷಣೆಯಿಲ್ಲ. ಬೀಚಿಗೆ ಸಾಲದು.

ಕೊಂಡ ಮೇಲೆ: ಹಾಕಿ ಬಂದ ಕೂಡಲೇ ಒಳಪಟ್ಟಿಯನ್ನು ಹೊರಮಗುಚಿ, ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ಗಾಳಿಗಿಡಿ. ಉಪ್ಪು ಉಳಿದರೆ ಗಾಳಿಯ ತೇವವನ್ನು ಎಳೆದುಕೊಂಡು ಪಟ್ಟಿ ಸದಾ ಹಸಿಯಾಗಿರುತ್ತದೆ. ಮೇಜಿನ ಮೇಲೆ ನೆತ್ತಿ ಕೆಳಗಾಗಿ ಇಡಿ, ಅಂಚಿನ ಮೇಲೆ ಕೂರಿಸಿದರೆ ಅದು ಸೊಟ್ಟಗಾಗುತ್ತದೆ. ಸೊಟ್ಟಗಾದ ಗರಿಯ ಹ್ಯಾಟನ್ನು ಕುದಿವ ನೀರಿನ ಹಬೆಗೆ ಒಂದು ಗೇಣು ದೂರದಿಂದ ಕೆಲವೇ ಸೆಕೆಂಡು ಹಿಡಿದು, ಬೆರಳಿನಿಂದ ತಿದ್ದಿ, ತಲೆಯಷ್ಟೇ ದೊಡ್ಡ ಪಾತ್ರೆಯ ಮೇಲೆ ಕವುಚಿ ಆರಲು ಬಿಡಿ. ಕಾಗದದ್ದಕ್ಕೆ ಹಬೆ ಇನ್ನೂ ಕಡಿಮೆ, ಪ್ಲಾಸ್ಟಿಕ್ಕಿಗೆ ಬೇಡವೇ ಬೇಡ.

ಜೂನಿನಲ್ಲಿ ಎತ್ತಿಡುವಾಗ ಪೂರ್ತಿ ಒಣಗಿರಬೇಕು. ನೆತ್ತಿಯೊಳಗೆ ಕಾಗದ ತುಂಬಿ, ಹಳೆಯ ಪಂಚೆಯಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ನಮ್ಮ ಮಳೆಗಾಲದಲ್ಲಿ ಬೂಸು ಖಂಡಿತ. ಮಳೆ ಬಿಡುವು ಕೊಟ್ಟಾಗಲೆಲ್ಲ ತೆಗೆದು ಫ್ಯಾನಿನ ಕೆಳಗೆ ಒಂದೆರಡು ತಾಸು ಇಡಿ. ಬೂಸಿನ ಬಿಳಿ ಪುಡಿ ಕಂಡರೆ ಹೊರಗೆ ಒಯ್ದು ಒಣ ಬ್ರಶ್ಶಿನಿಂದ ಉದುರಿಸಿ, ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ಕಾಗದದ ಹ್ಯಾಟಿಗೆ ಕಪ್ಪು ಚುಕ್ಕೆ ಒಳಗಿಳಿದಿದ್ದರೆ ಉಳಿಸುವ ಪ್ರಯತ್ನ ಬೇಡ, ಎಸೆದುಬಿಡಿ.