ಮೊದಲ ಅರ್ಧ ಗಂಟೆ ಸುಮ್ನೆ ಹೋಗಿಲ್ಲ

ಪ್ರೀತಿಯ ಓದುಗರೇ,

ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಅವರ 1954ರ ಸಿನಿಮಾ ‘ರಿಯರ್ ವಿಂಡೋ’ ನೋಡಿ ಬೇಸರದಿಂದಲೇ ಪತ್ರ ಬರೆದಿದ್ದೀರಿ. ‘ಕಾಲು ಮುರಿದವನೊಬ್ಬ ಕಿಟಕಿ ಪಕ್ಕ ಕೂತು ಎದುರುಮನೆಗಳನ್ನು ನೋಡುತ್ತಾನೆ. ಅರ್ಧ ಗಂಟೆ ಕಳೆದರೂ ಏನೂ ಆಗುವುದಿಲ್ಲ. ಇದನ್ನೇಕೆ ಇಷ್ಟು ಹೊಗಳುತ್ತಾರೆ?’ ಎಂದು ಕೇಳಿದ್ದೀರಿ. ಎರಡು ಸಾಲಲ್ಲಿ ಉತ್ತರಿಸಿ ಮುಗಿಸಲು ಮನಸ್ಸಾಗಲಿಲ್ಲ.

ಆ ಅರ್ಧ ಗಂಟೆಯಲ್ಲಿ ನಮಗೆ ಇಡೀ ವಠಾರದ ಪರಿಚಯವಾಗುತ್ತದೆ. ಡಾನ್ಸ್ ಅಭ್ಯಾಸ ಮಾಡುವ ಹುಡುಗಿ, ಟ್ಯೂನ್ ಕೂಡಿಬರದೆ ಒದ್ದಾಡುವ ಸಂಗೀತಗಾರ, ಬಾರದ ಅತಿಥಿಗೆ ಮೇಜು ಸಜ್ಜು ಮಾಡಿ ಒಬ್ಬಳೇ ಊಟಕ್ಕೆ ಕೂರುವ ಹೆಂಗಸು. ಇವರೆಲ್ಲ ನಮಗೂ ನೆರೆಹೊರೆಯವರಾದ ಮೇಲೆ ಒಂದು ಮನೆಯ ಹೆಂಡತಿ ಕಾಣುವುದಿಲ್ಲ. ಗಂಡ ನಡುರಾತ್ರಿ ಮಳೆಯಲ್ಲಿ ಸೂಟ್‌ಕೇಸ್ ಹಿಡಿದು ಮತ್ತೆ ಮತ್ತೆ ಹೊರಗೆ ಹೋಗಿ ಬರುತ್ತಾನೆ. ಅವಳ ಮುಖವೇ ಗೊತ್ತಿರದಿದ್ದರೆ, ಅವಳು ಇಲ್ಲ ಅನ್ನುವುದು ನಮ್ಮನ್ನು ಯಾಕೆ ಕಾಡಬೇಕು ಹೇಳಿ?

ಕ್ಯಾಮೆರಾ ನಾಯಕ ಜೇಮ್ಸ್ ಸ್ಟೀವರ್ಟ್ ಇರುವ ಕೋಣೆ ಬಿಟ್ಟು ಹೋಗುವುದು ತೀರಾ ಅಪರೂಪ. ಆ ವಠಾರ ಕಟ್ಟಲು ಪ್ಯಾರಾಮೌಂಟ್ ಸ್ಟುಡಿಯೊದ ನೆಲವನ್ನೇ ತೆಗೆದು, ಕೆಳಗಿನ ನೆಲಮಾಳಿಗೆಯನ್ನು ಅಂಗಳ ಮಾಡಿಕೊಂಡರು. ಟೈಟಲ್ ಮುಗಿದ ಮೇಲೆ ಕೇಳುವ ಸಂಗೀತವೂ ಬಹುಪಾಲು ಅಲ್ಲಿಯದೇ. ಯಾರದೋ ರೇಡಿಯೊ, ಯಾರದೋ ಪಿಯಾನೊ. ‘ಈಗ ಹೆದರಿಕೊಳ್ಳಿ’ ಎಂದು ಯಾವ ವಾದ್ಯವೂ ನಮಗೆ ಹೇಳಿಕೊಡುವುದಿಲ್ಲ.

ಇನ್ನು ಉಂಗುರದ ದೃಶ್ಯ. (ಸಿನಿಮಾ ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಗಂಡನೇ ಹೆಂಡತಿಯನ್ನು ಕೊಂದಿರಬೇಕೆಂಬ ಅನುಮಾನಕ್ಕೆ ಸಾಕ್ಷಿ ಹುಡುಕಲು ನಾಯಕಿ ಗ್ರೇಸ್ ಕೆಲಿ ಆ ಮನೆಗೇ ನುಗ್ಗುತ್ತಾಳೆ. ಗಂಡ ವಾಪಸ್ ಬರುತ್ತಿರುವುದು ನಮಗೆ ಕಾಣುತ್ತದೆ, ಅವಳಿಗೆ ಕಾಣುವುದಿಲ್ಲ. ನಾಯಕನ ಕಾಲಿಗೆ ಪ್ಲಾಸ್ಟರ್, ಓಡಿಹೋಗುವ ಹಾಗಿಲ್ಲ. ಕೊನೆಗೆ ಪೊಲೀಸರು ಬರುತ್ತಾರೆ. ಅವಳು ಕೈ ಬೆನ್ನ ಹಿಂದಿಟ್ಟು, ಬೆರಳಿಗೆ ಹಾಕಿಕೊಂಡ ಆ ಹೆಂಡತಿಯ ಮದುವೆಯುಂಗುರವನ್ನು ನಾಯಕನಿಗೆ ತೋರಿಸುತ್ತಾಳೆ. ಪಕ್ಕದಲ್ಲೇ ನಿಂತ ಗಂಡನ ಕಣ್ಣು ಅದರ ಮೇಲೆ ಬೀಳುತ್ತದೆ. ಅವನು ತಲೆ ಎತ್ತಿ ನೇರ ನಮ್ಮನ್ನೇ ನೋಡುತ್ತಾನೆ. ಅಷ್ಟು ಹೊತ್ತು ಕತ್ತಲಲ್ಲಿ ಕೂತು ಕದ್ದು ನೋಡಿದವರು ನಾವೂ ಹೌದು ಅಲ್ವಾ? ಈ ಘಳಿಗೆಯಲ್ಲಿ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಹತ್ತು ನಿಮಿಷಕ್ಕೊಂದು ಟ್ವಿಸ್ಟ್ ಕೊಡುವ ಸಿನಿಮಾಗಳು ಎರಡನೇ ಸಲಕ್ಕೆ ಸಪ್ಪೆಯಾಗುತ್ತವೆ. ಇಲ್ಲಿ ಮುಂದೇನೆಂದು ಗೊತ್ತಿದ್ದಷ್ಟೂ ಭಯ ಜಾಸ್ತಿ.

ಹಕ್ಕುಗಳ ತೊಡಕಿನಿಂದ ಈ ಚಿತ್ರ ವರ್ಷಗಟ್ಟಲೆ ಎಲ್ಲೂ ಸಿಗುತ್ತಿರಲಿಲ್ಲ. 1983ರಲ್ಲಿ ಮತ್ತೆ ಬಿಡುಗಡೆಯಾಯಿತು. 1998ರ ಟಿವಿ ರೂಪದಲ್ಲಿ ನಾಯಕನಾಗಿದ್ದವರು, ಅಪಘಾತದಿಂದ ನಿಜಕ್ಕೂ ಗಾಲಿಕುರ್ಚಿಗೆ ಸೀಮಿತರಾಗಿದ್ದ ಕ್ರಿಸ್ಟೋಫರ್ ರೀವ್. 2007ರ ‘ಡಿಸ್ಟರ್ಬಿಯಾ’ದಲ್ಲಿ ಗೃಹಬಂಧನದಲ್ಲಿರುವ ಹುಡುಗನೊಬ್ಬ ನೆರೆಯವನ ಮೇಲೆ ಕಣ್ಣಿಡುತ್ತಾನೆ. ಪ್ಲಾಸ್ಟರ್ ಜಾಗಕ್ಕೆ, ಮನೆ ದಾಟಿದರೆ ಪೊಲೀಸರಿಗೆ ಸುಳಿವು ಕೊಡುವ, ಕಾಲಿಗೆ ಕಟ್ಟುವ ಯಂತ್ರ ಬಂತು, ಅಸಹಾಯಕತೆ ಮಾತ್ರ ಅದೇ. ಅನುಕರಿಸಿದ ಎಷ್ಟೋ ಮಂದಿ ಕಿಟಕಿಯನ್ನು ತೆಗೆದುಕೊಂಡು ಈ ಅಸಹಾಯಕತೆಯನ್ನೇ ಬಿಟ್ಟರು. ಹಾಗಾಗಿಯೇ ಆ ಸಿನಿಮಾಗಳು ನೆನಪಲ್ಲಿ ಉಳಿಯಲಿಲ್ಲ ಎಂದು ನನ್ನ ಅನಿಸಿಕೆ.

ಹಿಚ್‌ಕಾಕ್‌ರ ಇನ್ನೊಂದು ಚಿತ್ರ ಸೂಚಿಸಿ ಎಂದಿದ್ದೀರಿ. ಅದೇ 1954ರ ‘ಡಯಲ್ ಎಂ ಫಾರ್ ಮರ್ಡರ್’ ನೋಡಿ. ಗ್ರೇಸ್ ಕೆಲಿ ಅಲ್ಲೂ ಇದ್ದಾರೆ, ಕಥೆ ಬಹುತೇಕ ಒಂದೇ ಮನೆಯೊಳಗೆ ನಡೆಯುತ್ತದೆ. ಅದು ಹಿಡಿಸಿದರೂ ಹಿಡಿಸದಿದ್ದರೂ ಬರೆಯಿರಿ.

– ಸಂಪಾದಕ